ಅಳತೆ ಪುಸ್ತಕದಲ್ಲಿ ಒಂದು ಪಾದ

ಅಘನಾಶಿನಿ ದಿನಕ್ಕೆ ಎರಡು ಸಲ ಉಪ್ಪಾಗಿ ಒಳಬಂದು
ಎರಡು ಸಲ ಹೊರಗೆ ಹೋಗುವ ಗಜನಿ ಅದು.
ಅಲ್ಲಿಯ ಮಣ್ಣಿಗೆ ಒಂದೇ ಮಾತು ಗೊತ್ತು: ಹೂಂ.
ಕಾಲಿಟ್ಟರೆ ಹೂಂ, ಕಲ್ಲು ಸುರಿದರೆ ಹೂಂ,
ರೋಲರ್ ಏರಿಸಿದರೆ ಮೊಣಕಾಲುದ್ದ ಹೂಂ.

ಮೂರು ಮಳೆಗಾಲಕ್ಕೆ ಮೂರು ರಸ್ತೆ ನುಂಗಿತ್ತು.
ನಾನು ಕಾರವಾರದ ಲ್ಯಾಬಿನಲ್ಲಿ
ಅದೇ ಕಪ್ಪು ಕೆಸರನ್ನು ಅಚ್ಚಿಗೆ ತುಂಬಿ
ನಾಲ್ಕು ದಿನ ನೀರಲ್ಲಿ ನೆನೆಸಿ
ಉಕ್ಕಿನ ಬೆರಳಿಂದ ಒತ್ತಿ ಕೇಳಿದೆ, ಎಷ್ಟು ತಾಳ್ತೀಯಾ?
ಒಂದೂವರೆ, ಅಂತು.
ನಮಗೆ ಬೇಕಾದದ್ದು ಐದು.
ಸುಣ್ಣ ಬೆರೆಸಿದೆ, ಭತ್ತದ ಹೊಟ್ಟಿನ ಬೂದಿ ಬೆರೆಸಿದೆ.
ಎರಡೂಮುಕ್ಕಾಲು, ಅಂತು, ಮನಸ್ಸಿಲ್ಲದೆ.

ಆಮೇಲೆ ಬಂತು ಕತ್ತದ ಚಾಪೆ, ಲಾರಿ ತುಂಬ ಸುರುಳಿ ಸುರುಳಿ.
ಕೆಳಗಿಳಿಸುವ ಆಳುಗಳಲ್ಲಿ ಬುದವಂತಿ ಗೌಡ.
ಒಂದು ಎಳೆ ಕಿತ್ತು ಮೂಸಿ ಹೇಳಿದಳು:
'ಸಿಹಿನೀರಲ್ಲಿ ಕೊಳೆಸಿದ್ದು ಇದು. ಉಪ್ಪುನೀರಿಂದಾದ್ರೆ ಬಣ್ಣವೇ ಬೇರೆ.'
ಹದಿನೆಂಟು ವರ್ಷ ಸಿಪ್ಪೆ ಕುಟ್ಟಿದ ಕೈ;
ಅಂಗೈ ಬಿಡಿಸಿದರೆ ಗೆರೆಗಳೇ ಇಲ್ಲ.

ಅಂಚಿನ ಮೇಲೆ ಅಂಚು ಒಂದು ಗೇಣು ಬರಬೇಕೆಂದು
ನಾನು ಟೇಪು ಬಿಚ್ಚುವಷ್ಟರಲ್ಲಿ
ಅವಳು ಗೇಣಿಟ್ಟು ಮುಂದೆ ಹೋಗಿಯಾಗಿತ್ತು.
ಬಿದಿರಿನ ಗೂಟ ಹೊಡೆದರು,
ಮೇಲೆ ಚಿರೇಕಲ್ಲಿನ ಕೆಂಪು ಹುಡಿ,
ಮತ್ತೆ ರೋಲರ್.
ಮಣ್ಣು ಹೂಂ ಅನ್ನಲು ಬಾಯಿ ತೆರೆದು
ಅಲ್ಲೇ ನಿಂತಿತು.

ಗಂಜಿಯ ಹೊತ್ತಿಗೆ ತಪಾಸಣೆಯವರ ಜೀಪು.
ಇದು ಎಷ್ಟು ವರ್ಷ ಬಾಳಿಕೆ?
ಮೂರು, ಹೆಚ್ಚೆಂದರೆ ನಾಲ್ಕು.
ಕೊಳೆತುಹೋಗುವುದಕ್ಕೆ ಸರಕಾರದ ದುಡ್ಡೇ?
ನೀರು ಬಸಿದು, ಭಾರ ಕೂತು ಕೂತು
ಅಷ್ಟರಲ್ಲಿ ಮಣ್ಣೇ ಗಟ್ಟಿಯಾಗಿರುತ್ತದೆ ಸರ್,
ಆಮೇಲೆ ಚಾಪೆ ಇದ್ದರೂ ಒಂದೇ, ಇಲ್ಲದಿದ್ದರೂ
ಅಂತ ಶುರುಮಾಡಿದೆ.
ಅವರ ಫಾರ್ಮಿನಲ್ಲಿ ಅಷ್ಟು ಜಾಗ ಇರಲಿಲ್ಲ.

ಬುದವಂತಿಯ ಪ್ರಶ್ನೆ ಬೇರೆ.
'ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣೂದಿಲ್ಲವಲ್ಲ,
ಬಿಲ್ಲು ಹ್ಯಾಂಗೆ ಮಾಡ್ತ್ರಿ?'
ಫೋಟೋ ತೆಗೀತೇವೆ, ಅಂದೆ.
ಅವಳು ನಗಲಿಲ್ಲ. ಗಜನಿಯ ಕಟ್ಟೆಯತ್ತ ಗದ್ದ ಎತ್ತಿ,
'ಅದಕ್ಕೆ ನಮ್ಮಜ್ಜ ಕಗ್ಗದ ಹುಲ್ಲು ಹಾಸಿ ಹಾಸಿ ಮಣ್ಣು ತುಳಿದ.
ಹುಲ್ಲೂ ಇಲ್ಲ, ಅಜ್ಜನೂ ಇಲ್ಲ, ಕಟ್ಟೆ ಉಂಟು.
ಫೋಟೋ ತೆಗೆದವರಿಲ್ಲ.
ಅವನ ಬಿಲ್ಲು ಬಾಕಿ ಉಂಟು, ನೋಡಿ.'

ಈಗ ಐದನೆಯ ಮಳೆಗಾಲ. ಚಾಪೆ ಉಳಿದಿರಲಾರದು.
ಬಳಚಿನ ಮೂಟೆ ಹೊತ್ತ ಟೆಂಪೋ
ಶಾಲೆಯ ವ್ಯಾನನ್ನು ಹಿಂದೆ ಹಾಕಿ ಹೋಗುತ್ತದೆ,
ಬೈಯಬೇಕೆನಿಸುವಷ್ಟು ಜೋರಾಗಿ.

ಅಳತೆ ಪುಸ್ತಕಕ್ಕೆ ಅಂಟಿಸಿದ ಫೋಟೋದಲ್ಲಿ
ಕಂದು ಚೌಕಗಳು, ಹಳದಿ ಟೇಪು,
ಮೂಲೆಯಲ್ಲಿ ಒಂದು ಪಾದ, ಹೆಬ್ಬೆರಳಿಗೆ ಚಿಂದಿ ಸುತ್ತಿದ್ದು.
ಅಷ್ಟು ಭಾಗ ಕತ್ತರಿಸಿ ಕಳಿಸಿ, ಅಂದಿದ್ದರು ಮೇಲಿನವರು.
ಅಳತೆಗೆ ಬೇಕಾಗುತ್ತದೆ, ಎಂದು ಬರೆದು
ಹಾಗೇ ಬಿಟ್ಟೆ.