ಕಲ್ಯು ಎಂದು ಕೂಗಿದರೆ

ಒಂದು ಕಾಲಕ್ಕೆ ನಮ್ಮೂರ ದೋಣಿಕಟ್ಟೆಯಲ್ಲಿ ನಿಂತು
ಕಲ್ಯು! ಎಂದು ಕೂಗಿದರೆ
ಐದು ಟೋಪಿಗಳು ಒಟ್ಟಿಗೆ ತಿರುಗುತ್ತಿದ್ದವು.
ಆರನೆಯದು ತಿರುಗುತ್ತಿರಲಿಲ್ಲ,
ಅವನಿಗೆ ಕಿವಿ ಮಂದ, ಇಲ್ಲವೇ ಸಾಲ ಇತ್ತು.

ಕಲ್ಯು ಅಂದರೆ ಕಲ್ಲು.
ಅರೆಯುವ ಕಲ್ಲಲ್ಲ, ಒಲೆಗೆ ಇಡುವ ಕಲ್ಲಲ್ಲ,
ಕಡಲಿಗೆ ಎದೆಯೊಡ್ಡಿ ನಿಂತ ಬಂಡೆ.
ಅದಕ್ಕೂ ಹಿಂದಿನವರೆಲ್ಲ ಪೇಟರ್‌ಗಳು.
ಶಾಲೆಯ ಮೇಷ್ಟ್ರು ಮನೆಮನೆಗೆ ಬಂದು ಹೇಳಿದರಂತೆ:
ದೇಶ ನಮ್ಮದಾಯಿತು, ಹೆಸರೂ ನಮ್ಮದಿರಲಿ.
ಪೇಟರ್ ಅಂದರೂ ಬಂಡೆಯೇ ಎಂದು ಪಾದ್ರಿ ಗೊಣಗಿದರು.
ಇರಲಿ ಬಿಡಿ, ಅದು ದೂರದೇಶದ ಬಂಡೆ,
ಇದು ನಾವು ದಿನಾ ಎಡವುವ ಬಂಡೆ
ಅಂದಳು ನನ್ನ ಅಜ್ಜಿ, ಹೆರಿಂಗ್ ಮೀನು ಸೀಳುತ್ತ.

ಇವತ್ತು ಜುಲೈ ಭಾನುವಾರ, ಗೋರಿಗಳ ಹಬ್ಬ.
ತಾಲಿನ್‌ನಿಂದ, ತಾರ್ತುವಿನಿಂದ, ಹೆಲ್ಸಿಂಕಿಯ ಗಾರೆ ಕೆಲಸದಿಂದ
ಎಲ್ಲರೂ ಬಂದಿದ್ದಾರೆ, ಕೈಯಲ್ಲಿ ಹಲುಬೆ, ಬಕೆಟ್ಟು, ಕೆಂಪು ಬೆಗೋನಿಯಾ.
ಪೈನ್ ಮರದಡಿ ಮಂಡಿಯೂರಿ ಪಾಚಿ ಉಜ್ಜುತ್ತೇನೆ.
ಒಂದೊಂದೇ ಅಕ್ಷರ ಏಳುತ್ತದೆ.

ಹಾಯಿ ಕಲ್ಯು ಇಲ್ಲಿಲ್ಲ, ಅವನ ಕಲ್ಲು ಮಾತ್ರ ಇದೆ.
ನಲವತ್ತನಾಲ್ಕರ ಸೆಪ್ಟೆಂಬರ್,
ಏಳು ಜನರ ದೋಣಿ, ಹತ್ತೊಂಬತ್ತು ಜನ, ಒಂದು ಹೊಲಿಗೆ ಯಂತ್ರ.
ಕೊನೆಗೆ ಟೊರಾಂಟೊದಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ.
ಸಂಬಳದ ದಿನ ಅವನನ್ನು ಕಾಲ್ಜೂ ಎಂದು ಕರೆಯುತ್ತಿದ್ದರು.
ಮೊದಮೊದಲು ತಿದ್ದಿದ,
ಆಮೇಲೆ ಅದಕ್ಕೇ ತಿರುಗಿ ನೋಡುವುದನ್ನು ಕಲಿತ.

ಪಕ್ಕದಲ್ಲಿ ನನ್ನ ಅಣ್ಣ.
ನಲವತ್ತೊಂಬತ್ತರ ಮಾರ್ಚ್, ದನ ಸಾಗಿಸುವ ರೈಲುಡಬ್ಬಿ, ಅವನಿಗೆ ಏಳು ವರ್ಷ.
ಓಮ್ಸ್ಕ್ ಸೀಮೆಯ ಶಾಲೆಯಲ್ಲಿ ಟೀಚರಮ್ಮ,
ಒಳ್ಳೆಯವಳೇ, ಸಕ್ಕರೆ ಕೊಡುತ್ತಿದ್ದಳು,
ಹಾಜರಿ ಪುಸ್ತಕದಲ್ಲಿ ಕೋಲ್ಯ ಎಂದು ಬರೆದಳು.
ಎಂಟು ವರ್ಷ ಕೋಲ್ಯ.
ಅಲ್ಲೇ ಹುಟ್ಟಿದ ನನ್ನ ಬಾಯಿಗೂ ಕೋಲ್ಯ.
ರಾತ್ರಿ ದೀಪ ಆರಿದ ಮೇಲೆ ಮಾತ್ರ ಅಮ್ಮ
ಬ್ರೆಡ್ಡಿನ ಹಾಗೆ ಮುರಿದು ಕೊಡುತ್ತಿದ್ದಳು:
ಕಲ್... ಯು.
ಎದೆ ಕಲ್ಲು ಮಾಡಿಕೋ ಎಂದು ಅವಳು ಎಂದೂ ಹೇಳಲಿಲ್ಲ.
ಹೆಸರೇ ಅದಾಗಿರುವಾಗ ಹೇಳುವುದೇನು.

ಬೇಲಿಯ ಬದಿಯಲ್ಲಿ ಇನ್ನೊಬ್ಬ. ಅವನೂ ಕಲ್ಯು.
ನಮ್ಮ ಮನೆಯನ್ನು ಪಟ್ಟಿಗೆ ಬರೆಸಿದವನು ಎಂದು ಊರ ಮಾತು.
ಬಂಡೆಯಡಿ ಹುಳ ಇರುವುದೇನು ಹೊಸತಲ್ಲ.
ಮಕ್ಕಳಿಲ್ಲ, ಯಾರೂ ಬರುವುದಿಲ್ಲ;
ಅವನ ಕಲ್ಲನ್ನೂ ತೊಳೆದೆ.
ತುಸು ಜೋರಾಗಿಯೇ ಉಜ್ಜಿದೆ.

ಹೆಸರಿಟ್ಟವರಿಗೆ ಒಂದು ಗೊತ್ತಿರಲಿಲ್ಲ.
ನಮ್ಮ ತೀರದ ಈ ಬಂಡೆಗಳು ಇಲ್ಲಿಯವಲ್ಲ.
ಹಿಂತಿರುಗಿ ಬಂದು ಭೂಗೋಳದ ಮೇಷ್ಟ್ರಾದ ಅಣ್ಣನೇ ಹೇಳಿದ್ದು:
ಕೊಲ್ಲಿಯಾಚೆ ಫಿನ್‌ಲೆಂಡಿನಿಂದ ಹಿಮ ಕಚ್ಚಿ ತಂದದ್ದು,
ಬೆಕ್ಕು ಮರಿಯನ್ನು ಕಚ್ಚಿ ಮನೆ ಬದಲಿಸುವ ಹಾಗೆ.
ಕರಗುತ್ತ ಕರಗುತ್ತ ಎಲ್ಲಿ ಬಾಯಿ ಬಿಟ್ಟಿತೋ
ಅದೇ ಅವುಗಳ ಊರು.
ಅಲೆಮಾರಿ ಬಂಡೆ ಎನ್ನುತ್ತೇವೆ.
ಮಕ್ಕಳು ಅದರ ಮೇಲೆ ಒದ್ದೆ ಚಡ್ಡಿ ಒಣಗಿಸುತ್ತಾರೆ.

ಮೊಮ್ಮಗಳು ಕೆರ್ತು ಗಾಡಿ ತಳ್ಳುತ್ತ ಬಂದಳು.
ಮಗುವಿಗೆ ಮೂರು ವಾರ, ಹೆಸರು ಇನ್ನೂ ಇಲ್ಲ.
ಫೋನಿನಲ್ಲಿ ಪಟ್ಟಿ ಇದೆ, ಎಲ್ಲವೂ ಚಿಕ್ಕಚಿಕ್ಕವು,
ಯಾವ ವಿಮಾನ ನಿಲ್ದಾಣದಲ್ಲೂ ಯಾರೂ ತಡವರಿಸದಂಥವು.
ನನ್ನ ಅಣ್ಣನ ಕಲ್ಲಿನ ಮುಂದೆ ನಿಂತು
ಕಲ್ಯು? ಅಂದಳು,
ಉಪ್ಪು ಸರಿಯಿದೆಯೇ ಎಂದು ನಾಲಗೆಗೆ ಹಚ್ಚಿ ನೋಡುವಂತೆ.

ಗೇಟಿನ ಬಳಿ ಬೆಂಚಿನ ಮೇಲೆ
ಆ ಆರನೆಯವನು, ಈಗ ಎಂಬತ್ತೊಂಬತ್ತು,
ನಿಧಾನಕ್ಕೆ ಕತ್ತು ತಿರುಗಿಸಿದ.
ಗಾಡಿಯೊಳಗಿಂದ ಎರಡು ಮುಷ್ಟಿ
ಗಾಳಿಯನ್ನು ಗುದ್ದಿದವು.

ನಾನೇನೂ ಅನ್ನಲಿಲ್ಲ.
ಮರಳಿನ ಮೇಲೆ ಹಲುಬೆ ಎಳೆಯುತ್ತ,
ನನ್ನ ಹೆಜ್ಜೆ ನಾನೇ ಅಳಿಸುತ್ತ,
ಹಿಂದುಹಿಂದಕ್ಕೆ ನಡೆದೆ.