ಬೀಡಿನ ಲೆಕ್ಕ

ಪೋಲೆಂಡಿನಲ್ಲಿ ಬಡ್ಡಿ ಕಾಲು ಟಕ್ಕೆ ಇಳಿದ ವಾರವೇ
ಉದ್ಯಮಬಾಗದ ನಮ್ಮ ಫೌಂಡ್ರಿಗೆ ಮೂರನೇ ಪಾಳಿ ಬಂತು.
ಅಲ್ಲಿ ರಸ್ತೆ ಅಗಲ ಮಾಡ್ತಾರಂತೆ, ರೈಲು ಹೊಸದಂತೆ,
ನೆಲ ಅಗೆಯುವ ಯಂತ್ರಕ್ಕೆಲ್ಲ
ಪಂಪಿನ ಹೊಟ್ಟೆ ನಾವು ಎರೆಯಬೇಕಂತೆ.
ಮಾಲಕ ಚೌಗುಲೆಯವರು ನಕಾಶೆ ಹಾಸಿ ತೋರಿಸಿದರು:
ಬೆರಳಿಟ್ಟ ಊರಿನ ಮೇಲೆ
ಚಹಾದ ಕಲೆ.

ದಸ್ತಗೀರ ಮುಲ್ಲಾ ನಕಾಶೆ ನೋಡಲಿಲ್ಲ.
ಅಚ್ಚು ಬಡಿಯುವವನ ಅಂದಾಜೇ ಬೇರೆ:
ರಾತ್ರಿ ಕಿವಿ ತೊಳೆದರೆ ಬೀಳುವ ಉಸುಕು
ಹೋದ ವರ್ಷ ಚಿಟಿಕೆ, ಈ ವರ್ಷ ಚಮಚ.
‘ಆ ದೇಶ ಬೆಳದೈತಿ ಬಿಡ್ರಿ, ಅಕ್ಕಾರ.’

ಈಗ ಅಲ್ಲಿಂದಲೇ ಹೊಸ ಫಾರ್ಮು, ಹದಿನಾಲ್ಕು ಹಾಳೆ.
ತುಂಬುವವಳು ನಾನು. ಗಟ್ಟಿಯಾಗಿ ಓದಿದೆ:
ಒಂದು ಕಿಲೋ ಬೀಡಿಗೆ ಹೊಗೆ ಎಷ್ಟು?

ದಸ್ತಗೀರ ಕಿವಿಯ ಸಂದಿಯಿಂದ ಬೀಡಿ ತೆಗೆದು
ತೂಗಿ ನೋಡಿದ.
‘ಕಿಲೋ ಆಗಾಕ ವರ್ಷ ಬೇಕ್ರಿ.’

ಕೋಕು ಬರೆದೆ, ಕರೆಂಟು ಬರೆದೆ,
ಬಂದರಿನ ತನಕದ ಲಾರಿ ಡೀಸೆಲ್ಲೂ.
ಇನ್ನುಳಿದದ್ದು ಒಂದೇ ಕಾಲಮ್ಮು: ‘ಇತರೆ’.
ಅಲ್ಲಿ ಪೆನ್ನು ಊರಿ ಕೂತೇ ಇದ್ದೆ.
ಕಿಟಕಿಯಾಚೆ ಲ್ಯಾಡಲ್ಲು ಬಾಗಿತು,
ಅವನ ಕೆಮ್ಮು ಕೇಳಿಸಿತು,
ಹಾಳೆ ಅರೆಗಳಿಗೆ ಕೆಂಪಾಗಿ
ಮತ್ತೆ ಬೆಳ್ಳಗಾಯಿತು.