ಒಂಟಿ ಕಾಲಿನ ಗುಬ್ಬಿ

ನಮ್ಮ ಚೀಲಕ್ಕೆ ಗುಬ್ಬಿ ಛಾಪಾ.
ತಗಡಿನಲ್ಲಿ ಕೊರೆದವನು ದಾವಲಸಾಬ.
ಮಸಿ ಬಳಿದು ತಗಡೆತ್ತಿದರೆ
ಗೋಣಿಯ ಮೇಲೆ ನಿಂತಿರುತ್ತದೆ, ಒಂದೇ ಕಾಲಲ್ಲಿ.
ಬ್ಯಾಡಗಿಯ ಹಮಾಲರಿಗೆ ಓದು ಬಾರದ ಕಾಲದಿಂದ
ಅದೇ ನಮ್ಮ ಹೆಸರು.

ಮೇಲ್‌ನಲ್ಲಿ ಮಾತ್ರ ನಾವು ಬರೀ ಒಂದು ಎಮ್,
ನೇರಳೆ ಬಿಲ್ಲೆಯೊಳಗೆ.
ಮುರಿಗೆಪ್ಪ ಕೊಟಗಿ ಅಂಡ್ ಸನ್ಸ್‌ನ ಎಮ್.
ಅದು ಮಧುರೈನ ಟೈರಿನವನದೂ ಆಗಬಹುದು,
ಕಳ್ಳನದೂ.

ಕೊಚ್ಚಿಯಲ್ಲೊಬ್ಬರು ನಮ್ಮ ಕಾಯಿ ಹಿಂಡಿ ಬಣ್ಣ ತೆಗೆಯುತ್ತಾರೆ,
ಯಾರದೋ ತುಟಿಗೆ, ಯಾರದೋ ಸಾರಿಗೆ.
ಹೋದ ಮಾರ್ಚಿನಲ್ಲಿ ಅವರಿಗೆ ಒಂದು ಮೇಲ್:
ಬ್ಯಾಂಕ್ ಖಾತೆ ಬದಲಾಗಿದೆ.
ಒಂಬತ್ತು ಲಕ್ಷ ಎಲ್ಲಿಗೋ ಹೋಯಿತು.
ವಿಳಾಸ ನಮ್ಮದೇ, ಚುಕ್ಕೆ ಸಮೇತ ನಮ್ಮದೇ.
ಬರೆದವರು ನಾವಲ್ಲ.
‘ನೀವು ನೀವೇ ಎನ್ನುವುದಕ್ಕೆ ಏನು ಗುರುತು?’
ಸಾಹುಕಾರ್ರು ಫೋನು ನನ್ನ ಕೈಗಿಟ್ಟರು:
‘ಶಕ್ಕವ್ವಾ, ಇದಕ್ಕೊಂದು ಉತ್ತರ ಹುಡುಕ.’

ಹುಡುಕಿದೆ, ಖಾತೆ ಪುಸ್ತಕ ಮುಚ್ಚಿದ ಮೇಲಿನ ರಾತ್ರಿಗಳಲ್ಲಿ.
ನಮ್ಮ ಹೆಸರಲ್ಲಿ ಬರೆಯಬಲ್ಲ ಸರ್ವರುಗಳ ಪಟ್ಟಿ.
ಪ್ರತಿ ಕಾಗದಕ್ಕೂ ಕಣ್ಣಿಗೆ ಕಾಣದ ರುಜು,
ದಾರಿಯಲ್ಲಿ ಯಾರು ಬಿಚ್ಚಿ ತಿದ್ದಿದರೂ ಒಡೆಯುವ ಅರಗು.
ಎರಡೂ ಇಲ್ಲದವನು ಬಂದರೆ
ಬಾಗಿಲಿನಿಂದಲೇ ವಾಪಸ್ಸು.
ಎಪಿಎಂಸಿ ಗೇಟಿನ ಫಕ್ಕೀರಪ್ಪ ಕೇಳಿ ನಕ್ಕ:
‘ನನ್ನ ಕೆಲಸಾನ ಬಿಡ್ರಿ ಅದು.’
ಮೊದಲ ವಾರ ನಮ್ಮದೇ ಬಿಲ್ಲುಗಳು ತಿರುಗಿ ಬಂದವು.
ಬಿಲ್ಲು ಕಳಿಸುವ ಯಂತ್ರವನ್ನು
ಪಟ್ಟಿಗೆ ಸೇರಿಸಲು ಮರೆತಿದ್ದೆ.

ಆಮೇಲೆ ಗುಬ್ಬಿ.
ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಹುಡುಗ
ಗೆರೆ ತಿದ್ದಿ, ರೆಕ್ಕೆ ನುಣುಪು ಮಾಡಿ,
ಪಾಪ ಅಂತ ಇನ್ನೊಂದು ಕಾಲನ್ನೂ ಕೊಟ್ಟ.
ಸಾಹುಕಾರ್ರಿಗೆ ಹಿಗ್ಗು.
ಪ್ರಮಾಣಪತ್ರ ಕೊಡುವವರ ಮುಂದೆ ವಿಡಿಯೋದಲ್ಲಿ
ಆಧಾರ ಕಾರ್ಡು ಎದೆಗೆ ಹಿಡಿದು ಕೂತರು,
ಪೊಲೀಸರು ಫೋಟೋ ತೆಗೆಯುವಾಗ ಕೂರುವಂತೆ.

ಮೂರನೇ ವಾರ ಉತ್ತರ ಬಂತು.
ಟ್ರೇಡ್‌ಮಾರ್ಕ್ ದಫ್ತರಿನ ಗುಬ್ಬಿಗೆ ಒಂದು ಕಾಲು.
ನಿಮ್ಮ ಗುಬ್ಬಿಗೆ ಎರಡು.
ಆದ್ದರಿಂದ ಇದು ನಿಮ್ಮದೆನ್ನಲು ಬಾರದು.

ದಾವಲಸಾಬನ ಕಣ್ಣಿಗೆ ಈಗ ಪೊರೆ.
ಹಳೆಯ ತಗಡನ್ನು ಬೆರಳಲ್ಲೇ ನೋಡಿದ.
‘ಮುರದಿಲ್ಲ ತಂಗಿ, ನಾನ ಕೊರದಿಲ್ಲ.
ಎರಡೂ ಕಾಲ ಕೊರದ್ರ ನಡುವಿನ ತಗಡ ತಡೀತಿರಲಿಲ್ಲ,
ಹೊಟ್ಟಿ ಕಳಚಿ ಬೀಳತಿತ್ತು.’
ಹುಡುಗನಿಗೆ ಫೋನು ಮಾಡಿದೆ:
ತಮ್ಮಾ, ಆ ಕಾಲು ತೆಗಿ.

ಈಗ ಕೊಚ್ಚಿಯವರ ಪರದೆಯ ಮೇಲೆ
ಎಮ್ ಇದ್ದಲ್ಲಿ ಗುಬ್ಬಿ,
ಪಕ್ಕದಲ್ಲಿ ಕಾಳಿನಷ್ಟು ನೀಲಿ ಗುರುತು.
‘ಗುಬ್ಬಿ ಬಂತು’ ಎಂದು ಬರೆದರು. ಅಷ್ಟೇ.
ಸಾಹುಕಾರ್ರು ಎಲ್ಲರಿಗೂ ಗಿರಮಿಟ್ಟು ತರಿಸಿದರು.

ಇವತ್ತು ಗುರುವಾರ. ಹೊರಗೆ ಟೆಂಡರಿನ ಗದ್ದಲ,
ಅಂಗಳದ ತುಂಬ ಕೆಂಪು, ಗಾಳಿಯ ತುಂಬ ಘಾಟು.
ಸಾಹುಕಾರ್ರು ಬಾಗಿಲಲ್ಲೇ ನಿಂತು ಹೇಳಿ ಹೋದರು:
‘ಇನ್ನೂರು ಚೀಲ, ಡಬ್ಬಿ ಕಾಯಿ,
ಈ ವರ್ಷದ ಮಾಲಂತ ಬರಿ.’
ಆ ಇನ್ನೂರು ಚೀಲ ಹೋದ ಯುಗಾದಿಯಿಂದ
ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿದ್ದು ನನಗೆ ಗೊತ್ತು.
ಬಾಡಿಗೆ ಚೀಟಿ ಬರೆದವಳೇ ನಾನು.

ಬರೆದಿದ್ದೇನೆ. ಕಳಿಸಿಲ್ಲ.
ಕಳಿಸಿದರೆ ಪಟ್ಟಿ ಒಪ್ಪುತ್ತದೆ, ರುಜು ಒಪ್ಪುತ್ತದೆ,
ಯಾವ ಬಾಗಿಲೂ ತಡೆಯುವುದಿಲ್ಲ.
ಬರೆದವರು ನಾವೇ, ಅದಂತೂ ಖರೆ.
ಗುಬ್ಬಿ ಹೇಳುವುದೂ ಅಷ್ಟೇ.

ಹಮಾಲರಲ್ಲಿ ಯಾರಿಗೋ ಘಾಟು ಹತ್ತಿ ಕೆಮ್ಮು.
‘ಈ ವರ್ಷದ’ ಎಂಬಲ್ಲಿ
ಕರ್ಸರು ಮಿಣುಕುತ್ತಿದೆ,
ಒಂಟಿ ಕಾಲಲ್ಲಿ ನಿಂತ ಹಾಗೆ.